ಗರ್ಭಿಣಿಯರು ಡಿಪ್ರೆಶನ್ ಮಾತ್ರೆ ತೆಗೆದುಕೊಂಡರೆ ಮಗುವಿಗೆ ತೊಂದರೆ ಆಗುತ್ತಾ?

ಆಗಬಹುದು, ಆದರೆ ಜನ ಹೆದರುವಷ್ಟಲ್ಲ. ಪ್ಯಾರಾಕ್ಸೆಟಿನ್ ಎಂಬ ಮಾತ್ರೆಯ ಬಗ್ಗೆ ಮಾತ್ರ ಜಾಸ್ತಿ ಎಚ್ಚರ ಬೇಕು. ಮೊದಲ ಮೂರು ತಿಂಗಳಲ್ಲಿ ಅದನ್ನು ತೆಗೆದುಕೊಂಡರೆ ಮಗುವಿನ ಹೃದಯದಲ್ಲಿ ದೋಷ ಬರುವ ಸಾಧ್ಯತೆ ಸ್ವಲ್ಪ ಹೆಚ್ಚಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಎಚ್ಚರಿಸಿತ್ತು. ಅದಕ್ಕೇ ಡಾಕ್ಟರುಗಳು ಸಾಮಾನ್ಯವಾಗಿ ಸರ್ಟ್ರಲಿನ್ ಎಂಬ ಇನ್ನೊಂದು ಡಿಪ್ರೆಶನ್ ಮಾತ್ರೆಯ ಕಡೆ ವಾಲುತ್ತಾರೆ.

ಕೊನೆಯ ತಿಂಗಳುಗಳಲ್ಲೂ ಮಾತ್ರೆ ನುಂಗಿದ್ದರೆ ಕೆಲವು ಕೂಸುಗಳು ಹುಟ್ಟಿದ ಮೊದಲ ದಿನಗಳಲ್ಲಿ ನಡುಗುತ್ತವೆ, ಸುಮ್ನೆ ಅಳುತ್ತವೆ, ಹಾಲು ಸರಿಯಾಗಿ ಚೀಪುವುದಿಲ್ಲ. ಹೆಚ್ಚಾಗಿ ಎರಡು ವಾರದೊಳಗೆ ತಾನಾಗಿಯೇ ಸರಿಹೋಗುತ್ತದೆ. ಕೂಸಿನ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರುವುದು ಗಂಭೀರ, ಆದರೆ ತೀರಾ ಅಪರೂಪ.

ನನ್ನ ಮಟ್ಟಿಗೆ ದೊಡ್ಡ ಅಪಾಯ ಬೇರೆಯೇ ಇದೆ: ಕಿಟ್‌ನಲ್ಲಿ ಎರಡು ಗೆರೆ ಕಂಡ ಕೂಡಲೇ ಗಾಬರಿಯಾಗಿ ಮಾತ್ರೆ ಬಿಡುವುದು. ಖಿನ್ನತೆ ಮರುಕಳಿಸಿ ತಾಯಿ ಊಟ, ನಿದ್ದೆ ಬಿಟ್ಟರೆ ಮಗುವಿಗೂ ಕಷ್ಟ ಅಲ್ವಾ? ಬದಲಿಸುವುದೋ, ಕಡಿಮೆ ಮಾಡುವುದೋ ಮನೋವೈದ್ಯರೇ ಹೇಳಲಿ.