ತಲೆಗಿಷ್ಟು ಎಂದು ಹಂಚಿದರೆ ಪಂಚಾಯಿತಿಗಳಿಗೆ ನ್ಯಾಯ ಸಿಗುತ್ತದೆಯೇ?

ತಾವು ಎರಡು ವಿಷಯ ಕೇಳಿದ್ದೀರಿ. ಕೇಂದ್ರದ ತೆರಿಗೆ ಹಣವನ್ನು ಗ್ರಾಮ ಪಂಚಾಯಿತಿಗಳಿಗೆ ಹಂಚುವಾಗ ಜನಸಂಖ್ಯೆಯನ್ನು ನೋಡಿ ತಲೆಗಿಷ್ಟು ಎಂದು ಕೊಡುವುದೇ ಸರಿಯಲ್ಲವೇ ಎಂಬುದು ಮೊದಲನೆಯದು. ಕಾಫಿಯಿಂದ ಅನುಕೂಲಸ್ಥವಾಗಿರುವ ಕೊಡಗಿನಂತಹ ಜಿಲ್ಲೆ ಹೆಚ್ಚಿನ ಪಾಲು ಕೇಳುವುದರಲ್ಲಿ ಅರ್ಥವಿದೆಯೇ ಎಂಬುದು ಎರಡನೆಯದು. ವಿರಾಜಪೇಟೆ ಕಡೆಯ ಒಂದು ಪಂಚಾಯಿತಿಯಲ್ಲಿ ಹಿಂದೆ ಸದಸ್ಯನಾಗಿದ್ದು, ಕ್ರಿಯಾಯೋಜನೆಯ ಕಾಗದಗಳ ಮುಂದೆ ಕುಳಿತು ತಲೆ ಕೆಡಿಸಿಕೊಂಡವನಾಗಿ ಉತ್ತರಿಸುತ್ತಿದ್ದೇನೆ. ಮೊದಲ ಪ್ರಶ್ನೆಗೆ ನನ್ನ ಉತ್ತರ ‘ಅಲ್ಲ’ ಎಂದು. ಎರಡನೆಯದಕ್ಕೆ ‘ಇದೆ, ಆದರೆ ಒಂದು ಷರತ್ತಿನ ಮೇಲೆ’ ಎಂದು.

ಮೊದಲಿಗೆ ಹಣ ಬರುವ ದಾರಿ. ಸಂವಿಧಾನದ 280ನೇ ವಿಧಿಯಂತೆ ನೇಮಕವಾಗುವ ಹಣಕಾಸು ಆಯೋಗವು ಕೇಂದ್ರ ಮತ್ತು ರಾಜ್ಯಗಳ ನಡುವಿನ ತೆರಿಗೆ ಪಾಲನ್ನು ಶಿಫಾರಸು ಮಾಡುತ್ತದೆ. 1993ರಲ್ಲಿ ಜಾರಿಗೆ ಬಂದ 73 ಮತ್ತು 74ನೇ ತಿದ್ದುಪಡಿಗಳ ನಂತರ ಪಂಚಾಯಿತಿ, ಪುರಸಭೆಗಳ ಸಂಪನ್ಮೂಲದ ಬಗ್ಗೆ ಹೇಳುವ ಹೊಣೆಯೂ ಅದಕ್ಕೆ ಸೇರಿತು. ಎನ್.ಕೆ. ಸಿಂಗ್ ಅವರ ಅಧ್ಯಕ್ಷತೆಯ 15ನೇ ಆಯೋಗವು 2021ರಿಂದ 2026ರವರೆಗಿನ ಅವಧಿಗೆ ಸ್ಥಳೀಯ ಸಂಸ್ಥೆಗಳಿಗೆಂದು 4,36,361 ಕೋಟಿ ರೂಪಾಯಿ ಶಿಫಾರಸು ಮಾಡಿತು. ಅದರಲ್ಲಿ ಗ್ರಾಮೀಣ ಸಂಸ್ಥೆಗಳ ಪಾಲು 2,36,805 ಕೋಟಿ. ಈ ಹಣವನ್ನು ರಾಜ್ಯಗಳ ನಡುವೆ ಹಂಚಿದ ಸೂತ್ರದಲ್ಲಿ ಜನಸಂಖ್ಯೆಗೆ ಶೇ. 90, ವಿಸ್ತೀರ್ಣಕ್ಕೆ ಶೇ. 10ರ ತೂಕ. ರಾಜ್ಯದೊಳಗೆ ಹೇಗೆ ಹಂಚಬೇಕೆಂಬುದನ್ನು ರಾಜ್ಯ ಹಣಕಾಸು ಆಯೋಗದ ಶಿಫಾರಸಿಗೆ ಬಿಡಲಾಗಿತ್ತು.

ಈ 90:10ರ ಲೆಕ್ಕವನ್ನೇ ಜಿಲ್ಲೆಗಳಿಗೂ ಅನ್ವಯಿಸಿದರೆ ಏನಾಗುತ್ತದೆ ಎಂದು ನೋಡೋಣ. 2011ರ ಜನಗಣತಿಯಂತೆ ಕೊಡಗಿನ ಜನಸಂಖ್ಯೆ ಸುಮಾರು 5.54 ಲಕ್ಷ, ಅಂದರೆ ರಾಜ್ಯದ 6.11 ಕೋಟಿಯಲ್ಲಿ ಶೇ. 0.9ರಷ್ಟು. ವಿಸ್ತೀರ್ಣ 4,102 ಚದರ ಕಿಲೋಮೀಟರ್, ಅಂದರೆ ರಾಜ್ಯದ ಶೇ. 2.1ಕ್ಕಿಂತ ತುಸು ಹೆಚ್ಚು. ಸೂತ್ರದಲ್ಲಿ ಹಾಕಿದರೆ ನಮಗೆ ನೂರಕ್ಕೆ ಸುಮಾರು ಒಂದು ರೂಪಾಯಿ ಬರುತ್ತದೆ. ಎರಡಕ್ಕೂ ಸಮ ತೂಕ ಕೊಟ್ಟರೆ ಒಂದೂವರೆ ರೂಪಾಯಿ. ಈ ಅರ್ಧ ರೂಪಾಯಿಯ ಬಗ್ಗೆಯೇ ನನ್ನ ವಾದ. ಇನ್ನೊಂದು ಸಂಗತಿಯೂ ಇದೆ. 2001ರಿಂದ 2011ರ ನಡುವೆ ರಾಜ್ಯದ ಜನಸಂಖ್ಯೆ ಶೇ. 15ಕ್ಕೂ ಹೆಚ್ಚು ಬೆಳೆದಾಗ ಕೊಡಗಿನದು ಬೆಳೆದದ್ದು ಶೇ. 1ರಷ್ಟು ಮಾತ್ರ. ಹೀಗಾಗಿ ಪ್ರತಿ ಜನಗಣತಿಯಲ್ಲೂ ನಮ್ಮ ಪಾಲು ಕರಗುತ್ತದೆ, ರಸ್ತೆಯ ಉದ್ದ ಮಾತ್ರ ಕರಗುವುದಿಲ್ಲ.

ಬಯಲುಸೀಮೆಯ ಊರಿನಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಒಂದು ಓವರ್‌ಹೆಡ್ ಟ್ಯಾಂಕ್ ಕಟ್ಟಿ ನಾಲ್ಕು ಬೀದಿಗೆ ಪೈಪು ಎಳೆದರೆ ಊರಿಗೆಲ್ಲ ನೀರು. ಕೊಡಗಿನಲ್ಲಿ ಮನೆಯಿರುವುದು ಅವರವರ ತೋಟದೊಳಗೆ. ಒಂದು ಮನೆಯಿಂದ ಇನ್ನೊಂದಕ್ಕೆ ಗದ್ದೆ ದಾಟಬೇಕು, ಇಲ್ಲವೇ ದಿಣ್ಣೆ ಹತ್ತಬೇಕು. ಹತ್ತು ಮನೆಗೆ ನೀರು ಕೊಡಲು ಹಾಕುವ ಪೈಪಿನಲ್ಲಿ ಬಯಲಿನ ಇಡೀ ಒಂದು ಓಣಿಗೆ ನೀರು ಕೊಡಬಹುದು. ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದು ಕರೆಂಟ್ ಹೋದರೆ ಪಂಪು ನಿಲ್ಲುತ್ತದೆ. ಹೊರಗೆ ಸುರಿಯುವ ಮಳೆ, ಒಳಗೆ ನಲ್ಲಿಯಲ್ಲಿ ನೀರಿಲ್ಲ. ಚರಂಡಿ ಕಟ್ಟಿಕೊಂಡು ರಸ್ತೆಯೇ ಹಳ್ಳವಾಗುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಸುತ್ತ ಗುಡ್ಡ ಕುಸಿದು ಊರುಗಳೇ ಬರಿದಾದದ್ದನ್ನು ತಾವು ಟಿವಿಯಲ್ಲಿ ನೋಡಿರುತ್ತೀರಿ. ಅಂತಹ ವಿಪತ್ತಿಗೆ ಪರಿಹಾರ ನಿಧಿ ಬೇರೆ ಇದೆ, ನಿಜ. ಆದರೆ ಸುದ್ದಿಯಾಗದೆ ಪ್ರತಿ ವರ್ಷ ಜರಿಯುವ ಬರೆ (ರಸ್ತೆ ಬದಿಯ ಮಣ್ಣಿನ ಇಳಿಜಾರು), ಕೊಚ್ಚಿಹೋಗುವ ಮೋರಿ ಇವೆಲ್ಲ ಪಂಚಾಯಿತಿಯ ತಲೆಗೇ ಬರುತ್ತವೆ.

ಎಣಿಕೆಗೆ ಸರಿಯಾಗಿ ಸಿಗದ ಜನರೂ ಇದ್ದಾರೆ. ಕಾಫಿ ಕೊಯ್ಲಿಗೆಂದು ಬಂದು ಲೈನ್ ಮನೆಗಳಲ್ಲಿ, ಅಂದರೆ ತೋಟದ ಕಾರ್ಮಿಕರ ಸಾಲುಮನೆಗಳಲ್ಲಿ, ತಿಂಗಳುಗಟ್ಟಲೆ ಇರುವ ಹೊರರಾಜ್ಯದ ಕಾರ್ಮಿಕರು ಇಲ್ಲಿನ ನೀರು ಕುಡಿಯುತ್ತಾರೆ, ಲೆಕ್ಕದಲ್ಲಿ ತಮ್ಮ ಊರಿನವರಾಗಿ ಉಳಿಯುತ್ತಾರೆ. ವಾರಾಂತ್ಯದ ಪ್ರವಾಸಿಗರು ಬಿಟ್ಟುಹೋಗುವ ಕಸಕ್ಕಂತೂ ಯಾವ ಜನಗಣತಿಯೂ ಇಲ್ಲ.

ನನಗೆ ವಿಚಿತ್ರವೆನಿಸುವುದು ಇದು: ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆಯು ಸಾಮಾನ್ಯವಾಗಿ ಐದರಿಂದ ಏಳು ಸಾವಿರ ಜನರಿಗೊಂದು ಗ್ರಾಮ ಪಂಚಾಯಿತಿ ಎಂದು ಹೇಳುತ್ತಲೇ, ಕೊಡಗೂ ಸೇರಿದಂತೆ ಮಲೆನಾಡು ಮತ್ತು ಕರಾವಳಿಯ ಜಿಲ್ಲೆಗಳಲ್ಲಿ ಎರಡೂವರೆ ಸಾವಿರ ಜನಕ್ಕೂ ಪಂಚಾಯಿತಿ ರಚಿಸಲು ಅವಕಾಶ ಕೊಟ್ಟಿದೆ. ಜನ ಚದುರಿ ವಾಸಿಸುತ್ತಾರೆ ಎಂಬ ಸತ್ಯವನ್ನು ಗಡಿ ಗುರುತಿಸುವಾಗ ಒಪ್ಪಿಕೊಂಡ ಮೇಲೆ ಹಣ ಹಂಚುವಾಗ ಮರೆಯುವುದಕ್ಕೆ ಕಾರಣ ಕಾಣುವುದಿಲ್ಲ.

ಇನ್ನು ಅನುದಾನದ ಜೊತೆಗೇ ಬರುವ ಷರತ್ತುಗಳ ವಿಷಯ. 15ನೇ ಆಯೋಗದ ಗ್ರಾಮೀಣ ಅನುದಾನದಲ್ಲಿ ಶೇ. 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಾಗಿತ್ತು, ಉಳಿದ ಶೇ. 40 ಮಾತ್ರ ಊರಿನ ಅಗತ್ಯದಂತೆ ಬಳಸಲು ಮುಕ್ತವಾಗಿತ್ತು, ಅದನ್ನೂ ಸಂಬಳಕ್ಕೆ ಬಳಸುವಂತಿರಲಿಲ್ಲ. ನೀರಿಗೆ ಆದ್ಯತೆ ಕೊಟ್ಟದ್ದನ್ನು ನಾನು ತಪ್ಪೆನ್ನಲಾರೆ. ಹಾಗೆ ಕಟ್ಟಿಹಾಕದಿದ್ದರೆ ಎಷ್ಟು ಕಡೆ ಎಲ್ಲವೂ ಕಾಂಕ್ರೀಟ್ ರಸ್ತೆಯಾಗುತ್ತಿತ್ತೋ! ಆದರೆ ದೆಹಲಿಯಲ್ಲಿ ನಿಗದಿಯಾದ ಪ್ರಮಾಣವು ಮಳೆಗಾಲದಲ್ಲಿ ಮೋರಿಯೇ ಮೊದಲ ಅಗತ್ಯವಾಗುವ ಊರಿಗೂ ಅದೇ ಆಗಿರಬೇಕೇ?

ಈಗ ಎರಡನೆಯ ಪ್ರಶ್ನೆ. ನಮ್ಮಲ್ಲಿ ದುಡ್ಡಿಲ್ಲ ಎಂದರೆ ಯಾರೂ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಎಷ್ಟೋ ಪಂಚಾಯಿತಿಗಳ ವ್ಯಾಪ್ತಿಯಲ್ಲಿ ರೆಸಾರ್ಟುಗಳಿವೆ, ಹೋಂಸ್ಟೇಗಳಿವೆ. ಕಟ್ಟಡ ತೆರಿಗೆ ವಿಧಿಸುವ ಅಧಿಕಾರ ಕಾಯ್ದೆಯಲ್ಲೇ ಇದೆ. ಅದನ್ನು ಪೂರ್ತಿ ವಸೂಲಿ ಮಾಡಲು ಸದಸ್ಯರು ಹಿಂಜರಿಯುತ್ತಾರೆ, ಏಕೆಂದರೆ ತೆರಿಗೆ ಕೇಳಬೇಕಾದ ಮನೆಯಲ್ಲೇ ಮತವನ್ನೂ ಕೇಳಬೇಕು. ನನ್ನ ಷರತ್ತು ಇದೇ: ತನ್ನ ಶಕ್ತಿಗೆ ತಕ್ಕಷ್ಟು ತೆರಿಗೆ ಎತ್ತದ ಪಂಚಾಯಿತಿ ಹೆಚ್ಚಿನ ಪಾಲು ಕೇಳಬಾರದು.

ಈ ಎರಡೂ ಎಳೆಗಳನ್ನು ಕೂಡಿಸಿದ ಮಾದರಿ ದಕ್ಷಿಣ ಆಫ್ರಿಕಾದಲ್ಲಿದೆ. ಮೂಲಭೂತ ಸೇವೆ ಒದಗಿಸಲು ಅನುವಾಗುವಂತೆ ರಾಷ್ಟ್ರೀಯ ಆದಾಯದಲ್ಲಿ ನ್ಯಾಯೋಚಿತ ಪಾಲು ಪಡೆಯುವುದು ಸ್ಥಳೀಯ ಸರ್ಕಾರಗಳ ಹಕ್ಕು ಎಂದು ಅಲ್ಲಿನ ಸಂವಿಧಾನವೇ ಹೇಳುತ್ತದೆ. 2013ರಿಂದ ಬಳಕೆಯಲ್ಲಿರುವ ಅವರ ಸೂತ್ರವು ತಲೆಗಳ ಬದಲು ಬಡ ಕುಟುಂಬಗಳನ್ನು ಎಣಿಸುತ್ತದೆ. ಪ್ರತಿ ಬಡ ಕುಟುಂಬಕ್ಕೆ ನೀರು, ವಿದ್ಯುತ್, ನೈರ್ಮಲ್ಯ, ಕಸ ವಿಲೇವಾರಿಗಳಿಗೆ ಎಷ್ಟು ತಗಲುತ್ತದೆ ಎಂಬುದರಿಂದ ಶುರುವಾಗಿ, ಆಡಳಿತ ಮತ್ತಿತರ ಸೇವೆಗಳಿಗೆಂದು ಕೊಡುವ ಭಾಗವನ್ನು ಸ್ವಂತ ಆದಾಯ ಎತ್ತಬಲ್ಲ ನಗರಗಳಿಗೆ ಕಡಿಮೆ ಮಾಡುತ್ತದೆ. ಅಲ್ಲಿ ಎಲ್ಲವೂ ಸರಿಯಾಗಿದೆ ಎಂದಲ್ಲ. ಸಾಲದಲ್ಲಿ ಮುಳುಗಿದ ಪುರಸಭೆಗಳು ಅಲ್ಲೂ ಇವೆ. ಆದರೂ ಲೆಕ್ಕ ಶುರುವಾಗುವ ಜಾಗ ಸರಿಯಿದೆ. ನಮ್ಮಲ್ಲಿ ಹೀಗೆ ಎಣಿಸಿದರೆ ಹಾಡಿಗಳಲ್ಲಿರುವ ಯರವ, ಜೇನುಕುರುಬ ಆದಿವಾಸಿ ಕುಟುಂಬಗಳು ಜಿಲ್ಲೆಯ ಸರಾಸರಿ ಸಿರಿತನದ ಹಿಂದೆ ಮರೆಯಾಗುವುದಿಲ್ಲ.

ದೂರನ್ನೆಲ್ಲ ದೆಹಲಿಗೇ ಕಳಿಸುವುದೂ ಸರಿಯಲ್ಲ. ಸೆಸ್ ಮತ್ತು ಸರ್‌ಚಾರ್ಜ್ ರೂಪದಲ್ಲಿ, ಅಂದರೆ ತೆರಿಗೆಯ ಮೇಲೆ ಹೆಚ್ಚುವರಿಯಾಗಿ, ಕೇಂದ್ರ ಸಂಗ್ರಹಿಸುವ ಹಣ ರಾಜ್ಯಗಳೊಡನೆ ಹಂಚಿಕೊಳ್ಳುವ ಮೊತ್ತಕ್ಕೆ ಸೇರುವುದಿಲ್ಲವೆಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಕರ್ನಾಟಕದ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಸದೆ, ಚುನಾಯಿತ ಸಂಸ್ಥೆಗಳಿಗಷ್ಟೇ ಸಿಗುವ ಅನುದಾನಕ್ಕೆ ಕಲ್ಲು ಹಾಕಿಕೊಂಡದ್ದು ಬೆಂಗಳೂರಿನಲ್ಲಿ.

ಸಾಮಾನ್ಯ ಓದುಗರಾಗಿ ಏನು ಮಾಡಬಹುದು ಎಂದು ಕೇಳುವಿರಾದರೆ, ಸಂವಿಧಾನದ 243-ಐ ವಿಧಿಯಂತೆ ಐದು ವರ್ಷಕ್ಕೊಮ್ಮೆ ರಚನೆಯಾಗಬೇಕಾದ ರಾಜ್ಯ ಹಣಕಾಸು ಆಯೋಗದತ್ತ ಗಮನವಿಡಿ. ಜಿಲ್ಲೆಯೊಳಗಿನ, ಪಂಚಾಯಿತಿಗಳ ನಡುವಿನ ಹಂಚಿಕೆಯ ತೂಕ ನಿರ್ಧಾರವಾಗುವುದು ಅದರ ಮುಂದೆ. ಅಲ್ಲಿಗೆ ‘ನಮಗೆ ಅನ್ಯಾಯವಾಗಿದೆ’ ಎಂಬ ಮನವಿಗಿಂತ, ಪಂಚಾಯಿತಿವಾರು ಪೈಪ್‌ಲೈನಿನ ಉದ್ದ, ಒಂದು ಮನೆಗೆ ನೀರು ತಲುಪಿಸಲು ತಗಲುವ ವೆಚ್ಚ, ಕೊಯ್ಲಿನ ಕಾಲದಲ್ಲಿ ಲೈನ್ ಮನೆಗಳಲ್ಲಿರುವವರ ಸಂಖ್ಯೆ, ವಿಧಿಸಿದ ಮತ್ತು ವಸೂಲಾದ ತೆರಿಗೆ ಇಷ್ಟನ್ನು ಗ್ರಾಮಸಭೆಯಲ್ಲಿ ಓದಿ, ನಡಾವಳಿಯಲ್ಲಿ ದಾಖಲಿಸಿ ಕಳಿಸಿದರೆ ಹೆಚ್ಚು ಪ್ರಯೋಜನ. ಕೊನೆಯ ಅಂಕಿ ಮುಜುಗರ ತರುವಂಥದ್ದಾದರೂ ಸರಿ, ಅದನ್ನು ಬಿಡಬೇಡಿ.