ದಾರಿ ಕೇಳಿ: ಮಕ್ಕಳನ್ನು ಕಟ್ಟಿಕೊಂಡು ಗೋಳಗುಮ್ಮಟಕ್ಕೆ

(ಹಾಸನದಲ್ಲಿ ಬಹಳ ಕಾಲ ಟೂರಿಸ್ಟ್ ಟಿಟಿ, ಅಂದರೆ ಟೆಂಪೋ ಟ್ರಾವೆಲರ್, ಓಡಿಸಿದ ಚಾಲಕರೊಬ್ಬರು ಓದುಗರ ಪ್ರಯಾಣದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸುತ್ತಾರೆ.)

ಪ್ರಶ್ನೆ: ನಾವು ಹಾಸನದವರು. ಡಿಸೆಂಬರ್ ಕೊನೆಯಲ್ಲಿ ನಮಗೆ 6 ದಿನ ರಜೆ ಸಿಗುತ್ತೆ. ಹಂಪಿ, ಬಾದಾಮಿ, ಐಹೊಳೆ, ಪಟ್ಟದಕಲ್ಲು, ವಿಜಯಪುರ ಎಲ್ಲಾ ನೋಡಿಕೊಂಡು ಬರೋಣ ಅಂತ ಆಸೆ. ನಮ್ಮದೇ ಕಾರು. ನಾನು, ಯಜಮಾನರು, ಅತ್ತೆ, 9 ವರ್ಷದ ಮಗಳು, 4 ವರ್ಷದ ಮಗ. ರಾತ್ರಿ 10ಕ್ಕೆ ಹೊರಟರೆ ಮಕ್ಕಳು ಮಲಗಿಬಿಡ್ತಾರೆ, ಬೆಳಗಾಗುವಷ್ಟರಲ್ಲಿ ವಿಜಯಪುರ ಸೇರಬಹುದು ಅನ್ನೋದು ಯಜಮಾನರ ಲೆಕ್ಕ. ಮಗನಿಗೆ ಕಾರು ಹತ್ತಿದರೆ ವಾಂತಿ. ಅತ್ತೆಗೆ ಮಂಡಿನೋವು. ಮಗಳಿಗೆ ಗೋಳಗುಮ್ಮಟ ನೋಡಲೇಬೇಕು ಅಂತ ಹಠ. ಹೇಗೆ ಹೊಂದಿಸೋದು?
— ಓದುಗರು, ಹಾಸನ

ಉತ್ತರ: ನಿಮ್ಮ ಯಜಮಾನರ ಲೆಕ್ಕ ಹಾಸನದ ಅರ್ಧ ಗಂಡಸರ ಲೆಕ್ಕ ತಾಯಿ. ರಸ್ತೆ ಖಾಲಿ ಇರುತ್ತೆ, ಮಕ್ಕಳು ಕಾಟ ಕೊಡಲ್ಲ, ಒಂದು ಹಗಲು ಉಳಿಯುತ್ತೆ ಅಂತ. ಮಕ್ಕಳೇನೋ ಮಲಗ್ತಾರೆ, ಸರಿ. ಸ್ಟೀರಿಂಗ್ ಹಿಡಿದವರು? ದಿನವಿಡೀ ದುಡಿದು, ಲಗೇಜು ತುಂಬಿ, ರಾತ್ರಿ 10ಕ್ಕೆ ಗಾಡಿ ಹತ್ತಿದವರಿಗೆ ಬೆಳಗಿನ ಜಾವ 2ರಿಂದ 5ರ ಒಳಗೆ ಕಣ್ಣು ಎಳೆಯದೇ ಇರಲ್ಲ. ನಾವೆಲ್ಲ ಆ ಹೊತ್ತಲ್ಲಿ ಓಡಿಸಿದ್ದು ಹೊಟ್ಟೆಪಾಡಿಗೆ. ರಜೆ ಕಳೆಯೋಕೆ ಹೋಗುವವರಿಗೆ ಆ ಕರ್ಮ ಯಾಕೆ?

ಅವರು ನಿದ್ದೆಗೆ ಬಗ್ಗದ ಗಟ್ಟಿಗರು ಅಂತಲೇ ಇಟ್ಟುಕೊಳ್ಳೋಣ. ರಸ್ತೆ ಬಿಡಬೇಕಲ್ಲ. ಡಿಸೆಂಬರ್ ಅಂದರೆ ಬಾಗಲಕೋಟೆ, ವಿಜಯಪುರದ ಕಡೆ ಕಬ್ಬು ಅರೆಯುವ ಕಾಲ. ಒಂದು ಟ್ರ್ಯಾಕ್ಟರ್‌ಗೆ ಎರಡು ಟ್ರೇಲರ್, ಎರಡರಲ್ಲೂ ಆಚೀಚೆ ಚಾಚಿಕೊಂಡ ಕಬ್ಬು. ಹಿಂದೆ ಒಂದು ಕೆಂಪು ದೀಪ ಉರಿಯುತ್ತಿದ್ದರೆ ನಿಮ್ಮ ಪುಣ್ಯ. ಎದುರಿನಿಂದ ಲಾರಿ ಲೈಟು ಕಣ್ಣಿಗೆ ಹೊಡೆಯುವಾಗ ಮುಂದೆ ಟ್ರ್ಯಾಕ್ಟರ್ ಇದೆ ಅಂತ ಗೊತ್ತಾಗೋದು ತೀರಾ ಹತ್ತಿರ ಹೋದ ಮೇಲೆ. ಹಗಲಲ್ಲಾದರೆ ಅದೇ ಟ್ರ್ಯಾಕ್ಟರ್ ಮಕ್ಕಳಿಗೆ ಒಂದು ತಮಾಷೆ.

ನಮ್ಮ ಕಡೆಯದೂ ಒಂದು ಕಥೆ ಇದೆ, ಒಕ್ಕಣೆ. ಅರಸೀಕೆರೆ ದಾಟಿ ಹುಳಿಯಾರಿನ ದಾರಿ ಹಿಡಿದರೆ ಆ ದಿನಗಳಲ್ಲಿ ರಾಗಿ, ಹುರುಳಿ ರಸ್ತೆ ಮೇಲೇ ಹರಡಿರಬಹುದು. ಕಣ ಮಾಡಿಕೊಳ್ಳೋಕೆ ಜಾಗ ಇಲ್ಲದ ರೈತರು ಪಾಪ ಏನು ಮಾಡ್ತಾರೆ? ರಾಗಿ ಹುಲ್ಲಾದರೂ ಪರವಾಗಿಲ್ಲ, ಜಾರುತ್ತೆ ಅಷ್ಟೆ. ಹುರುಳಿ ಸೊಪ್ಪಿನ ಮೇಲೆ ಮಾತ್ರ ಹುಷಾರು. ಅದರ ಬಳ್ಳಿ ಚಕ್ರದ ಜೊತೆ ತಿರುಗುವ ಆಕ್ಸೆಲ್‌ಗೆ ಸುತ್ತಿಕೊಳ್ಳುತ್ತೆ, ಸುತ್ತಿಕೊಂಡು ಬಿಗಿಯುತ್ತೆ. ಒಣಗಿದ ಸೊಪ್ಪು, ಪಕ್ಕದಲ್ಲೇ ಕಾದ ಸೈಲೆನ್ಸರ್. ಹಾಗೇ ಕಾರುಗಳು ಹೊತ್ತಿ ಉರಿದಿರೋದು ಉಂಟು. ಪಕ್ಕದಲ್ಲಿ ಜಾಗ ಇದ್ದರೆ ಬಳಸಿಕೊಂಡು ಹೋಗಿ. ಇಲ್ಲದಿದ್ದರೆ ನಿಧಾನಕ್ಕೆ ದಾಟಿ, ಮುಂದೆ ಗಾಡಿ ನಿಲ್ಲಿಸಿ, ಬಗ್ಗಿ ಕೆಳಗೆ ನೋಡಿ. ಸುತ್ತಿಕೊಂಡಿದ್ದರೆ ಕೈಗೆ ಬಟ್ಟೆ ಸುತ್ತಿ ಎಳೆದು ತೆಗೆಯಿರಿ. ಸುಟ್ಟ ವಾಸನೆ ಬಂದರೆ ಮೊದಲು ಮಕ್ಕಳನ್ನು ಇಳಿಸಿ, ಆಮೇಲೆ ಮಿಕ್ಕಿದ್ದು. ರಾತ್ರಿ ಹೊತ್ತು ಇದೆಲ್ಲ ಕಣ್ಣಿಗೆ ಬೀಳುತ್ತಾ ಹೇಳಿ.

ಈಗ ಲೆಕ್ಕಕ್ಕೆ ಬರೋಣ. ಹಾಸನದಿಂದ ವಿಜಯಪುರಕ್ಕೆ 500 ಕಿಲೋಮೀಟರ್ ಮೀರುತ್ತೆ. ಮೊಬೈಲ್ ಮ್ಯಾಪು ಒಂದು ಸಮಯ ತೋರಿಸುತ್ತಲ್ಲ, ಅದು ಎಲ್ಲೂ ಇಳಿಯದೆ ಹೋಗುವವರ ಸಮಯ. ಚಿಕ್ಕ ಮಕ್ಕಳಿದ್ದರೆ ಅದರ ಮೇಲೆ ಮೂರನೇ ಒಂದು ಭಾಗ ಸೇರಿಸಿ. ಆಮೇಲೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ಎಲ್ಲಿರ್ತೀವಿ ಅಂತ ನೋಡಿ. ಅಲ್ಲೇ ರೂಮು ಮಾಡಿ. ನಾನು ಟ್ರಿಪ್ಪು ಹಾಕುತ್ತಿದ್ದದ್ದು ಹೀಗೆ: ಮೊದಲು ರಾತ್ರಿ ತಂಗುವ ಊರು, ಆಮೇಲೆ ಮಕ್ಕಳನ್ನು ಇಳಿಸುವ ಜಾಗ, ಕೊನೆಗೆ ನೋಡುವ ಜಾಗ. ಎಲ್ಲರೂ ತಿರುಗುಮುರುಗಾಗಿ ಮಾಡ್ತಾರೆ, ಅದಕ್ಕೇ ಮೂರನೇ ದಿನ ಗಂಡ ಹೆಂಡತಿ ಮಾತು ಬಿಟ್ಟಿರ್ತಾರೆ.

ನಿಮ್ಮ 6 ದಿನಕ್ಕೆ ನನ್ನ ಸಲಹೆ ಇಷ್ಟು. ಮೊದಲ ದಿನ ಬೆಳಿಗ್ಗೆ 6ಕ್ಕೆ ಬಿಡಿ. ಅರಸೀಕೆರೆ, ಹುಳಿಯಾರು, ಹಿರಿಯೂರು, ಅಲ್ಲಿಂದ ಚಿತ್ರದುರ್ಗ. ಕೋಟೆಯನ್ನು ಪೂರ್ತಿ ಹತ್ತೋಕೆ ಹೋಗಬೇಡಿ. ಒನಕೆ ಓಬವ್ವನ ಕಿಂಡಿ ನೋಡಿ ಇಳಿದುಬಿಡಿ. ಮಗಳು ಆ ಕಥೆ ಶಾಲೆಯಲ್ಲಿ ಕೇಳಿರ್ತಾಳೆ, ತಮ್ಮನಿಗೆ ಅವಳೇ ಹೇಳಲಿ. ಅತ್ತೆ ಬಾಗಿಲ ಹತ್ತಿರ ನೆರಳಲ್ಲಿ ಕೂರಲಿ. ಊಟ ಮುಗಿಸಿ 50ನೇ ರಾಷ್ಟ್ರೀಯ ಹೆದ್ದಾರಿ ಹಿಡಿದರೆ ಹೊತ್ತು ಮುಳುಗುವ ಮುಂಚೆ ಹೊಸಪೇಟೆ.

ಎರಡನೇ ದಿನ ಹಂಪಿ. ಹಂಪಿಯನ್ನು ಒಂದೇ ದಿನದಲ್ಲಿ ಯಾರೂ ನೋಡಿಲ್ಲ, ನೀವೂ ನೋಡಲ್ಲ. ಬೆಳಿಗ್ಗೆ ವಿಜಯ ವಿಠ್ಠಲ ದೇವಸ್ಥಾನ. ಪಾರ್ಕಿಂಗ್‌ನಿಂದ ಬ್ಯಾಟರಿ ಗಾಡಿ ಇದೆ, ಅತ್ತೆಗೆ ನಡೆಯೋ ಕಷ್ಟ ಇಲ್ಲ. ಮಧ್ಯಾಹ್ನ ರೂಮಿನಲ್ಲಿ ನಿದ್ದೆ. ಬಂಡೆ ಕಾದಿರುತ್ತೆ, ಆ ಹೊತ್ತಲ್ಲಿ ಮಕ್ಕಳನ್ನು ಎಳೆದಾಡಬೇಡಿ. ಸಂಜೆ ಕಮಲ ಮಹಲ್, ಆನೆ ಲಾಯ. ಸಾಲಾಗಿ 11 ಕೋಣೆ, ಮೇಲೆ ಗುಮ್ಮಟ. ನಿಮ್ಮ ಮಗ ಅಲ್ಲಿಂದ ಏಳಲ್ಲ, ಬರೆದಿಟ್ಟುಕೊಳ್ಳಿ. 15 ವರ್ಷದೊಳಗಿನವರಿಗೆ ಈ ಸ್ಮಾರಕಗಳಲ್ಲಿ ಟಿಕೆಟ್ ಇಲ್ಲ. ವಿಠ್ಠಲ ದೇವಸ್ಥಾನದ ಟಿಕೆಟ್ ಬಿಸಾಡಬೇಡಿ, ಅದೇ ದಿನ ಕಮಲ ಮಹಲ್‌ಗೂ ನಡೆಯುತ್ತೆ.

ಮೂರನೇ ದಿನ ಆರಾಮಾಗಿ ಬಾದಾಮಿಗೆ. ಹಿಂದಿನ ದಿನ ಬಿಟ್ಟ ವಿರೂಪಾಕ್ಷನ ದರ್ಶನ ಬೇಕಿದ್ದರೆ ಬೆಳಿಗ್ಗೆಯೇ ಮುಗಿಸಿ ಹೊರಡಿ. ನಾಲ್ಕನೇ ದಿನ ಬೆಳಿಗ್ಗೆ ಗುಹೆಗಳು. ನಾಲ್ಕು ಗುಹೆಗೂ ಮೆಟ್ಟಿಲೇ. ಅತ್ತೆ ಒಂದನೇ ಗುಹೆಯ ನಟರಾಜನವರೆಗೆ ಬಂದರೆ ಸಾಕು, 18 ಕೈಯ ಆ ಶಿವ ಅಲ್ಲೇ ಸಿಗ್ತಾನೆ. ಇಲ್ಲಿ ಕೋತಿಗಳ ಬಗ್ಗೆ ಒಂದು ಮಾತು. ಬಾದಾಮಿಯ ಕೋತಿಗೆ ಪ್ಲಾಸ್ಟಿಕ್ ಕವರಿನ ಸದ್ದು ಗೊತ್ತು. ಒಂದು ಸಲ ನನ್ನ ಗಾಡಿಯಲ್ಲಿ ಬಂದಿದ್ದ ಅಜ್ಜಿಯೊಬ್ಬರ ಕೈಯಿಂದ ಬಾಳೆಹಣ್ಣಿನ ಕವರು ಕಿತ್ತುಕೊಂಡು, ಅವರೆದುರಿಗೇ ಕೂತು, ಒಂದೊಂದಾಗಿ ಸುಲಿದು ತಿಂತು. ಅಜ್ಜಿ ಬೈದರು, ಅದು ತಿಂದು ಮುಗಿಸಿಯೇ ಎದ್ದದ್ದು. ಆದ್ದರಿಂದ ತಿಂಡಿ, ನೀರಿನ ಬಾಟ್ಲು, ಜ್ಯೂಸು ಎಲ್ಲಾ ಕಾರಿನಲ್ಲೇ ಇರಲಿ, ಗಾಜು ಪೂರ್ತಿ ಏರಿಸಿ. ಮಗನ ಕೈ ಹಿಡಿದಿರಿ.

ಮಧ್ಯಾಹ್ನ ಬನಶಂಕರಿ ಗುಡಿ. ಅಲ್ಲಿ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ತಂದು ಬಡಿಸುವ ಜೋಳದ ರೊಟ್ಟಿ ಊಟ ಮಾಡಿ. ನಮ್ಮ ಕಡೆ ಮಕ್ಕಳಿಗೆ ಕೆಂಪು ಚಟ್ನಿ ಖಾರ ಆಗುತ್ತೆ, ಮೊಸರು ಜಾಸ್ತಿ ಹಾಕಿಸಿಕೊಳ್ಳಿ. ಪಟ್ಟದಕಲ್ಲು 22 ಕಿಲೋಮೀಟರ್, ಅಂಗಳ ಸಮತಟ್ಟು, ಅತ್ತೆಗೂ ಆಗುತ್ತೆ. ಐಹೊಳೆ ಬಿಡಿ. ಬೇಜಾರಾಗಬೇಡಿ, ಬೇಲೂರು, ಹಳೇಬೀಡು ಮನೆ ಬಾಗಿಲಲ್ಲಿ ಇಟ್ಟುಕೊಂಡಿರುವ ಮಕ್ಕಳಿಗೆ ಒಂದೇ ದಿನ ಮೂರು ಊರಿನ ದೇವಸ್ಥಾನ ತೋರಿಸಿದರೆ ಎಲ್ಲಾ ಒಂದೇ ಥರ ಕಾಣುತ್ತೆ. ಸಂಜೆಯೊಳಗೆ ವಿಜಯಪುರ ಸೇರಿಕೊಳ್ಳಿ.

ಗೋಳಗುಮ್ಮಟ ಮಾತ್ರ ಕೈಬಿಡಬೇಡಿ, ಇಡೀ ಟ್ರಿಪ್ಪಿನಲ್ಲಿ ಮಗಳು ಬಾಯಿ ಬಿಟ್ಟು ಕೇಳಿರೋದು ಅದೊಂದೇ. ಐದನೇ ದಿನ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಒಳಗಿರಿ. ಡಿಸೆಂಬರ್‌ನಲ್ಲಿ ಶಾಲೆ ಟೂರುಗಳು ಒಂದರ ಹಿಂದೆ ಒಂದು ಬರ್ತಾವೆ. ಇನ್ನೂರು ಹುಡುಗರು ಒಟ್ಟಿಗೆ ಕೂಗಿದರೆ ಅಲ್ಲಿ ಕೇಳೋದು ಬರೀ ಗದ್ದಲ. ಜನ ಇಲ್ಲದಾಗ ಮಗಳನ್ನು ಮೇಲೆ ಗುಮ್ಮಟದ ಒಳಸುತ್ತಿನ ಗ್ಯಾಲರಿಯ ಒಂದು ಬದಿಗೆ ಕೂರಿಸಿ, ನೀವು ಎದುರು ಬದಿಗೆ ಹೋಗಿ ಗೋಡೆಗೆ ಬಾಯಿಟ್ಟು ಮೆಲ್ಲಗೆ ಅವಳ ಹೆಸರು ಕರೆಯಿರಿ, ಅಲ್ಲಿಗೆ ಕೇಳುತ್ತೆ. ಅವಳ ಮುಖ ನೋಡಿ ಆಗ. 1656ರ ಕಟ್ಟಡ, ಹೊರಗಿನ ಅಳತೆಯಲ್ಲಿ ಸುಮಾರು 44 ಮೀಟರ್ ಅಗಲದ ಗುಮ್ಮಟ, ಒಳಗೆ ಆಸರೆಗೆ ಒಂದು ಕಂಬ ಇಲ್ಲ. ಮೆಟ್ಟಿಲು ಕಡಿದು, ಇಕ್ಕಟ್ಟು. ಅತ್ತೆ ಹತ್ತೋದು ಬೇಡ, ಹೊರಗೆ ಹುಲ್ಲುಹಾಸಿದೆ, ಅಲ್ಲಿ ಕೂರಲಿ. ವಾಪಸ್ಸು ಬರುವಾಗ ಆಲಮಟ್ಟಿಯಲ್ಲಿ ಒಂದು ಗಂಟೆ ಮಕ್ಕಳನ್ನು ಉದ್ಯಾನದಲ್ಲಿ ಓಡಾಡಿಸಿ, ರಾತ್ರಿ ಮತ್ತೆ ಹೊಸಪೇಟೆ. ಆರನೇ ದಿನ ಮನೆ. ರೂಮುಗಳನ್ನು ಈಗಲೇ ಹೇಳಿಬಿಡಿ, ವರ್ಷದ ಕೊನೆಯಲ್ಲಿ ಹಂಪಿ ಸುತ್ತ ಹಾಸಿಗೆ ಸಿಗೋದು ಕಷ್ಟ.

ವಾಂತಿ ವಿಷಯ. ಮೊದಲು ಡ್ಯಾಶ್‌ಬೋರ್ಡ್ ಮೇಲಿನ ಆ ಸೆಂಟಿನ ಡಬ್ಬಿ ತೆಗೆದು ಮನೆಯಲ್ಲಿಡಿ. ಮುಚ್ಚಿದ ಗಾಜು, ಎಸಿ, ಅದರ ಮೇಲೆ ಮಲ್ಲಿಗೆ ಸೆಂಟು. ದೊಡ್ಡವರಿಗೇ ಹೊಟ್ಟೆ ತೊಳೆಸುತ್ತೆ. ಎರಡನೆಯದು ಮೊಬೈಲ್. ಕಿವಿಯೊಳಗಿನ ಸಮತೋಲನದ ಅಂಗ ಗಾಡಿ ಓಡ್ತಿದೆ ಅನ್ನುತ್ತೆ, ಪರದೆ ನೋಡುವ ಕಣ್ಣು ಇಲ್ಲ ಅನ್ನುತ್ತೆ. ಆ ಜಗಳಕ್ಕೇ ವಾಂತಿ. ದೂರದ ಗುಡ್ಡ, ಗಾಳಿಯಂತ್ರ ತೋರಿಸಿ. ಚಿತ್ರದುರ್ಗದ ಕಡೆ ಗುಡ್ಡದ ತುಂಬಾ ಗಾಳಿಯಂತ್ರಗಳೇ, ಎಣಿಸೋಕೆ ಹೇಳಿ. ಬೆಳಿಗ್ಗೆ ಹಾಲು ಕುಡಿಸಬೇಡಿ, ಒಂದು ಇಡ್ಲಿ ಸಾಕು. ಖಾಲಿ ಹೊಟ್ಟೆಯೂ ಬೇಡ. ಮಾತ್ರೆ ಬೇಕಿದ್ದರೆ ನಿಮ್ಮ ಮಕ್ಕಳ ಡಾಕ್ಟರನ್ನೇ ಕೇಳಿ. ದೊಡ್ಡವರು ನುಂಗುವ ಮಾತ್ರೆಯನ್ನು ಅರ್ಧ ಮುರಿದು ಕೊಡೋ ಅಭ್ಯಾಸ ಬಿಟ್ಟುಬಿಡಿ.

ಇನ್ನು ಯಾರು ಎಲ್ಲಿ ಕೂರೋದು. ಮಗನನ್ನು ಮುಂದಿನ ಸೀಟಲ್ಲಿ ತೊಡೆ ಮೇಲೆ ಕೂರಿಸಿಕೊಳ್ಳೋದು ಎಲ್ಲಾ ಮನೆಯಲ್ಲೂ ಇದೆ. ದಯವಿಟ್ಟು ಬೇಡ. ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ವೇಗಕ್ಕೆ ಮೊದಲು ಸಿಗೋದು ಮಗುವಿನ ತಲೆ. ಬೆಲ್ಟು ಅಥವಾ ಮಕ್ಕಳ ಸೀಟು ಇಲ್ಲದೆ 14 ವರ್ಷದೊಳಗಿನವರನ್ನು ಕೂರಿಸಿದರೆ 1000 ರೂಪಾಯಿ ದಂಡವೂ ಇದೆ. ಅತ್ತೆ ಮುಂದೆ ಕೂರಲಿ, ಸೀಟು ಹಿಂದಕ್ಕೆ ಸರಿಸಿದರೆ ಮಂಡಿಗೆ ಆರಾಮ. ಮಗ ಹಿಂದೆ ಎಡಗಡೆ ತನ್ನ ಸೀಟಿನಲ್ಲಿ, ವಾಂತಿ ಬಂದರೆ ರಸ್ತೆ ಪಕ್ಕಕ್ಕೇ ಇಳಿಸಬಹುದು. ನೀವು ನಡುವೆ, ಮಗಳು ಬಲಗಡೆ. ಎಲ್ಲರೂ ಬೆಲ್ಟು ಹಾಕಿ. ಹೊರಡುವ ಬೆಳಿಗ್ಗೆ, ಟೈರು ತಣ್ಣಗಿರುವಾಗಲೇ ಗಾಳಿ ಹಿಡಿಸಿ. ಡ್ರೈವರ್ ಬಾಗಿಲ ಚೌಕಟ್ಟಿನಲ್ಲಿ ಸ್ಟಿಕ್ಕರ್ ಇರುತ್ತೆ, ತುಂಬಿದ ಗಾಡಿಗೆ ಎಷ್ಟು ಅಂತ ಬೇರೆ ಬರೆದಿರ್ತಾರೆ. ಸ್ಟೆಪ್ನಿ ಮರೆಯಬೇಡಿ. ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ 1033ಕ್ಕೆ ಫೋನ್ ಮಾಡಿ.

ಪ್ರಶ್ನೆ: 3000 ರೂಪಾಯಿಯ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಗ್ಗೆ ಕೇಳಿದ್ದೆ. ವರ್ಷಕ್ಕೊಂದು ಪ್ರವಾಸ ಹೋಗುವ ನಮಗೆ ಲಾಭವೇ?
— ಓದುಗರು, ಚನ್ನರಾಯಪಟ್ಟಣ

ಉತ್ತರ: ಒಂದು ಪ್ರವಾಸಕ್ಕಾದರೆ ಬೇಡ. ಬೆಂಗಳೂರಿಗೆ ಪದೇಪದೇ ಓಡಾಡುವವರಾದರೆ ಒಳ್ಳೆಯದೇ. 2025ರ ಆಗಸ್ಟ್ 15ರಂದು ಶುರುವಾದಾಗ 3000 ಇತ್ತು, ಈಗಿನ ದರ ಪಾಸ್ ಮಾಡಿಸುವಾಗ ನೋಡಿಕೊಳ್ಳಿ. ಒಂದು ವರ್ಷ ಅಥವಾ 200 ಟ್ರಿಪ್, ಯಾವುದು ಮೊದಲೋ ಅಲ್ಲಿಗೆ ಮುಗೀತು. ಟ್ರಿಪ್ ಅಂದರೆ ಊರಿಗೆ ಹೋಗಿ ಬರೋದಲ್ಲ, ಮಾಮೂಲಿ ಟೋಲ್ ಗೇಟನ್ನು ಒಂದು ಸಲ ದಾಟಿದರೆ ಒಂದು ಟ್ರಿಪ್. ಹಳದಿ ಬೋರ್ಡಿನ ಗಾಡಿಗೆ ಸಿಗಲ್ಲ. ರಾಜ್ಯ ಹೆದ್ದಾರಿಯ ಟೋಲಿನಲ್ಲಿ ನಡೆಯಲ್ಲ.

ಪ್ರಶ್ನೆ: ಮೂಡಿಗೆರೆಯಿಂದ ಊಟಿಗೆ ಹೊರಟಿದ್ದೇವೆ. ತೋಟದ ಕೆಲಸ ಮುಗಿಸಿ ಮಧ್ಯಾಹ್ನ ಬಿಟ್ಟು ರಾತ್ರಿ ತಲುಪಬಹುದಾ? ಇಬ್ಬರು ಮಕ್ಕಳು, 7 ಮತ್ತು 10 ವರ್ಷ.
— ಓದುಗರು, ಮೂಡಿಗೆರೆ

ಉತ್ತರ: ಬೇಡ ಸ್ವಾಮಿ. ಬಂಡೀಪುರದ ಗೇಟು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತೆ. ನೀವು ಬೇಲೂರು, ಹಾಸನ, ಹೊಳೆನರಸೀಪುರ ದಾಟಿ ಮೈಸೂರಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗಲೇ ಕತ್ತಲಾಗಿರುತ್ತೆ. ಗೇಟು ಮುಚ್ಚುತ್ತೆ ಅಂತ ಗುಂಡ್ಲುಪೇಟೆಯಿಂದಾಚೆ ಕಾಲು ಒತ್ತಿ ಓಡಿಸುವವರನ್ನು ಬಹಳ ನೋಡಿದ್ದೀನಿ. ಅದು ಜಿಂಕೆ, ಆನೆ ರಸ್ತೆ ದಾಟುವ ಹೊತ್ತು. ರಾತ್ರಿ ಮೈಸೂರಿನಲ್ಲಿ ಉಳಿದು, ಬೆಳಿಗ್ಗೆ ಹೊರಡಿ. ಮಕ್ಕಳಿಗೆ ಕಾಡುಪ್ರಾಣಿ ಕಾಣೋದೂ ಆಗಲೇ. ಗಾಡಿ ನಿಲ್ಲಿಸಿ ಫೋಟೋ ತೆಗೆಯೋ ಹಾಗಿಲ್ಲ. ಮಸಿನಗುಡಿ ಮೇಲಿನ ಕಲ್ಲಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವು. ಚಾರ್ಮಾಡಿ ಓಡಿಸಿದ ಕೈ ನಿಮ್ಮದು, ಗೊತ್ತು. ಆದರೂ ಮಕ್ಕಳ ಹೊಟ್ಟೆಗೆ ಗೂಡಲೂರು ದಾರಿಯೇ ವಾಸಿ, ಸ್ವಲ್ಪ ಸುತ್ತಾದರೂ ಸರಿ. ನೀಲಗಿರಿಗೆ ಇ-ಪಾಸ್ ಬೇಕು, ಮನೆಯಲ್ಲೇ ಮಾಡಿಸಿಕೊಂಡು ಹೊರಡಿ. ಪ್ಲಾಸ್ಟಿಕ್ ನೀರಿನ ಬಾಟ್ಲು ಅಲ್ಲಿ ನಿಷೇಧ, ಸ್ಟೀಲಿನದು ಒಯ್ಯಿರಿ.

ಪ್ರಶ್ನೆ: ಎರಡು ಸಂಸಾರ, ಒಟ್ಟು 11 ಜನ. ಪರಿಚಯದವರು ತಮ್ಮ ವೈಟ್ ಬೋರ್ಡ್ ಗಾಡಿಯನ್ನು ಕಡಿಮೆ ಬಾಡಿಗೆಗೆ ಕೊಡ್ತೀನಿ ಅಂತಾರೆ. ತಗೊಳ್ಳಬಹುದಾ?
— ಓದುಗರು, ಕಡೂರು

ಉತ್ತರ: ತಗೊಳ್ಳಬೇಡಿ. ಹಳದಿ ಬೋರ್ಡಿನವನು ಅಂತ ಹೊಟ್ಟೆಕಿಚ್ಚಿಗೆ ಹೇಳ್ತಿಲ್ಲ (ಸ್ವಲ್ಪ ಇದೆ, ಇರಲಿ). ಸ್ವಂತ ಬಳಕೆಯ ಗಾಡಿಯನ್ನು ಬಾಡಿಗೆಗೆ ಓಡಿಸೋದು ಕಾನೂನಿಗೆ ವಿರುದ್ಧ. ಹೆಚ್ಚುಕಮ್ಮಿ ಆದರೆ ವಿಮೆಯವರು ಕೈ ಎತ್ತಬಹುದು. ಒಂದು ಟಿಟಿ ಮಾಡಿ, ಪರ್ಮಿಟ್, ವಿಮೆ, ಎಫ್‌ಸಿ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್) ಮೂರರ ತಾರೀಕೂ ನೋಡಿ. ರಾಜ್ಯ ದಾಟುವುದಾದರೆ ಆ ಕಡೆಯ ತೆರಿಗೆ ಯಾರು ಕಟ್ಟೋದು ಅಂತ ಮೊದಲೇ ಮಾತಾಡಿ. ಡ್ರೈವರ್‌ಗೆ ರಾತ್ರಿ ಮಲಗೋಕೆ ಒಂದು ಮಂಚ ಕೊಡಿಸಿ, ಗಾಡಿಯಲ್ಲೇ ಮಲಗು ಅನ್ನಬೇಡಿ.