ಮಂಡಿ ನೋವಿಗೆ ಕಾರಣ ತಿಳಿಯಲು ಎಂಆರ್‌ಐ ಸಾಕೇ, ಆರ್ತ್ರೋಸ್ಕೋಪಿ ಮಾಡಿಸಲೇಬೇಕೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ವಯಸ್ಸು 48, ಬಿದ್ದದ್ದೂ ಇಲ್ಲ, ಕಾಲು ತಿರುಚಿದ್ದೂ ಇಲ್ಲ. ಮೂರು ತಿಂಗಳಿಂದ ಮಂಡಿಯ ಒಳಬದಿ ನೋವು. ಎಂಆರ್‌ಐ ವರದಿಯಲ್ಲಿ ‘ಮೀಡಿಯಲ್ ಮೆನಿಸ್ಕಸ್ ಪೋಸ್ಟೀರಿಯರ್ ಹಾರ್ನ್, ಗ್ರೇಡ್ 2’ ಎಂದಿದೆ; ಅಂದರೆ ಮಂಡಿಯ ಮೂಳೆಗಳ ನಡುವೆ ಮೆತ್ತೆಯಂತಿರುವ ಒಳಬದಿಯ ಮೆನಿಸ್ಕಸ್ಸಿನ ಹಿಂತುದಿ. ಆರ್ತ್ರೋಸ್ಕೋಪಿ, ಅಂದರೆ ಕೀಲಿನೊಳಗೆ ಕ್ಯಾಮೆರಾ ಹಾಕಿ ನೋಡಿದರೆ, ಖಚಿತವಾಗುತ್ತದೆ ಎಂದು ಡಾಕ್ಟರು ಅಂದಿದ್ದಾರೆ. ಬರೀ ನೋಡುವುದಕ್ಕೇ ಆದರೆ ಬೇಡ ಎನ್ನುತ್ತೇನೆ.

ಮೊದಲು ಆ ‘ಗ್ರೇಡ್ 2’ ವಿಚಾರ. ಮೆನಿಸ್ಕಸ್ಸಿನ ಒಡಲಲ್ಲಿ ಬಿಳಿ ಗೆರೆ ಕಂಡಿದೆ, ಆದರೆ ಅದು ಮೇಲ್ಮೈವರೆಗೆ ಬಂದಿಲ್ಲ ಎಂದಷ್ಟೇ ಅದರ ಅರ್ಥ. ಅದು ಹರಿದದ್ದಲ್ಲ, ಸವೆದದ್ದು. ಗೆರೆ ಮೇಲ್ಮೈ ಮುಟ್ಟಿದರೆ ಗ್ರೇಡ್ 3. ಅದೂ ಎರಡು ಅಥವಾ ಹೆಚ್ಚು ಸ್ಲೈಸುಗಳಲ್ಲಿ (ಪದರ ಪದರವಾಗಿ ತೆಗೆದ ಚಿತ್ರಗಳಲ್ಲಿ) ಕಂಡರೆ ಮಾತ್ರ ಹರಿದಿದೆ ಎಂದು ಧೈರ್ಯವಾಗಿ ಹೇಳಬಹುದು. ಆರ್ತ್ರೋಸ್ಕೋಪಿಗೆ ಕಾಣುವುದು ಮೇಲ್ಮೈ ಮಾತ್ರ. ಹಾಗಾಗಿ ನಿಮ್ಮ ವರದಿ ಸರಿಯಿದ್ದರೆ ಕ್ಯಾಮೆರಾಕ್ಕೆ ಆ ಜಾಗ ಏನೂ ದೋಷವಿಲ್ಲದಂತೆಯೇ ಕಾಣುತ್ತದೆ.

ಇನ್ನು ಎಂಆರ್‌ಐಯನ್ನು ಎಷ್ಟು ನಂಬಬಹುದು? ಆರ್ತ್ರೋಸ್ಕೋಪಿಯ ಜೊತೆ ಹೋಲಿಸಿದ ಅಧ್ಯಯನಗಳನ್ನು ಒಟ್ಟುಹಾಕಿ 2003ರಲ್ಲಿ ‘ರೇಡಿಯಾಲಜಿ’ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ, ಒಳಬದಿಯ ಮೆನಿಸ್ಕಸ್ ಹರಿದ ಪ್ರಕರಣಗಳಲ್ಲಿ ಸುಮಾರು 93%, ಎಸಿಎಲ್ (ಮಂಡಿಯ ನಡುವಿನ ಮುಂಭಾಗದ ಲಿಗಮೆಂಟು, ಅಂದರೆ ಮೂಳೆಗಳನ್ನು ಹಿಡಿದಿಡುವ ಪಟ್ಟಿ) ಹರಿದ ಪ್ರಕರಣಗಳಲ್ಲಿ 94% ಎಂಆರ್‌ಐಗೆ ಸಿಕ್ಕುತ್ತವೆ. ಹೊರಬದಿಯಲ್ಲಿ ಇದು 79%ಗೆ ಇಳಿಯುತ್ತದೆ. ಅಲ್ಲಿ ಮಂಡಿಯ ಹಿಂದಿನ ಪೋಪ್ಲಿಟಿಯಸ್ ಸ್ನಾಯುವಿನ ರಜ್ಜು, ಸಣ್ಣ ಲಿಗಮೆಂಟುಗಳು ಮೆನಿಸ್ಕಸ್ಸಿಗೆ ಅಂಟಿಕೊಂಡೇ ಹಾದುಹೋಗುತ್ತವೆ; ಸಹಜ ಸಂದು ಯಾವುದು, ಹರಿದದ್ದು ಯಾವುದು ಎಂದು ಬಿಡಿಸುವುದು ಕಷ್ಟ. ಕೆಲವೊಮ್ಮೆ ತೊಂದರೆ ಚಿತ್ರದ ಗುಣಮಟ್ಟದಲ್ಲೇ ಇರುತ್ತದೆ. 0.3 ಟೆಸ್ಲಾದ (ಟೆಸ್ಲಾ ಎಂದರೆ ಯಂತ್ರದ ಅಯಸ್ಕಾಂತದ ಬಲದ ಅಳತೆ) ಓಪನ್ ಯಂತ್ರದಲ್ಲಿ ತೆಗೆಸಿದ್ದರೆ, ಅಥವಾ ಕಾಲು ಅಲ್ಲಾಡಿ ಚಿತ್ರ ಮಸುಕಾಗಿದ್ದರೆ, 1.5 ಅಥವಾ 3 ಟೆಸ್ಲಾದಲ್ಲಿ ಇನ್ನೊಮ್ಮೆ ತೆಗೆಸುವುದು ಆಪರೇಷನ್ನಿಗಿಂತ ಅಗ್ಗ. ಡಾಕ್ಟರ ಬಳಿ ಹೋಗುವಾಗ ವರದಿ ಜೊತೆ ಸಿಡಿಯನ್ನೂ ಒಯ್ಯಿರಿ.

ಆರ್ತ್ರೋಸ್ಕೋಪಿಯ ಬಲವೇನೆಂದರೆ ಅದು ಮುಟ್ಟಿ ನೋಡಬಲ್ಲದು. ಮಂಡಿಚಿಪ್ಪಿನ ಕೆಳಗೆ ಎರಡೂ ಪಕ್ಕ ಒಂದು ಸೆಂಟಿಮೀಟರಿಗಿಂತ ಚಿಕ್ಕ ತೂತು, ಒಂದರಲ್ಲಿ ಸುಮಾರು 4 ಮಿಲಿಮೀಟರಿನ ಕೊಳವೆ, 30 ಡಿಗ್ರಿ ಓರೆಯ ಲೆನ್ಸು, ಕೀಲು ಉಬ್ಬಲು ಸಲೈನು. ಇನ್ನೊಂದರಲ್ಲಿ ಕೊಕ್ಕೆಯಂಥ ಪ್ರೋಬ್. ಅದರಿಂದ ಮೆನಿಸ್ಕಸ್ಸಿನ ಅಂಚು ಎತ್ತಿ ನೋಡಬಹುದು, ಕಾರ್ಟಿಲೇಜು (ಮೂಳೆಯ ತುದಿಯ ನುಣುಪು ಹೊದಿಕೆ) ಮೆತ್ತಗಾಗಿದೆಯೇ ಎಂದು ಒತ್ತಿ ನೋಡಬಹುದು. ಕಾರ್ಟಿಲೇಜಿನ ಸಣ್ಣ ಬಿರುಕುಗಳು ಎಂಆರ್‌ಐಗೆ ಕಾಣದೆ ತಪ್ಪಿಹೋಗುವುದುಂಟು. ಆದರೆ ಮೂಳೆಯೊಳಗಿನ ಊತ, ಕಾರ್ಟಿಲೇಜಿನ ಕೆಳಗಿನ ಸೂಕ್ಷ್ಮ ಮುರಿತ, ಗಡ್ಡೆ, ಕೀಲಿನ ಹೊರಗಿನ ಲಿಗಮೆಂಟು, ಇವು ಯಾವುವೂ ಕ್ಯಾಮೆರಾಕ್ಕೆ ಕಾಣವು. ನಿಮ್ಮ ವಯಸ್ಸಿನಲ್ಲಿ ಒಳಬದಿ ನೋವಿಗೆ ಮೂಳೆಯೇ ಕಾರಣವಾಗಿರುವ ಸಾಧ್ಯತೆಯನ್ನು ಬಿಡುವಂತಿಲ್ಲ. ಬೆನ್ನಿಗೆ ಅರಿವಳಿಕೆ, ಅಪರೂಪಕ್ಕೆ ಸೋಂಕು, ಕಾಲಿನ ರಕ್ತನಾಳದಲ್ಲಿ ಹೆಪ್ಪು, ಇವೆಲ್ಲ ಬೇರೆ.

ನನ್ನ ದೊಡ್ಡ ತಕರಾರು ಇರುವುದು ಒಳಗೆ ಹೋದ ಮೇಲೆ ಆಗುವುದರ ಬಗ್ಗೆ. ಮೆನಿಸ್ಕಸ್ಸಿನ ಜೂಲಾದ ಅಂಚು ಕಂಡಿತೆಂದರೆ ಕತ್ತರಿಸದೆ ಹೊರಬರುವವರು ಕಡಿಮೆ. ಅಮೆರಿಕದ ಫ್ರೇಮಿಂಗ್‌ಹ್ಯಾಮಿನಲ್ಲಿ 50ರಿಂದ 90 ವರ್ಷದ 991 ಜನರ ಮಂಡಿಯ ಎಂಆರ್‌ಐ ತೆಗೆದಾಗ (2008ರ ವರದಿ), ಮೆನಿಸ್ಕಸ್ ಹರಿದಿದ್ದವರಲ್ಲಿ 61% ಜನರಿಗೆ ಹಿಂದಿನ ಒಂದು ತಿಂಗಳಲ್ಲಿ ನೋವೇ ಇರಲಿಲ್ಲ. 2013ರಲ್ಲಿ ಫಿನ್‌ಲೆಂಡಿನವರು ಸವೆದು ಹರಿದ ಮೆನಿಸ್ಕಸ್ ಇದ್ದ 146 ಜನರಲ್ಲಿ ಅರ್ಧದಷ್ಟು ಜನರಿಗೆ ನಿಜವಾಗಿ ಕತ್ತರಿಸಿ, ಉಳಿದವರಿಗೆ ಕತ್ತರಿಸಿದಂತೆ ನಟಿಸಿದರು. ಒಂದು ವರ್ಷದ ನಂತರ ನೋವಿನಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಈಗ ಮಾಡಬೇಕಾದದ್ದು: ನಿಂತು ತೆಗೆದ ಎಕ್ಸ್‌ರೇ ಇಲ್ಲದಿದ್ದರೆ ಮೊದಲು ಅದನ್ನು ತೆಗೆಸಿ, ಎರಡೂ ಮಂಡಿಗೆ, ಜೊತೆಗೆ ಮಂಡಿ 45 ಡಿಗ್ರಿ ಬಗ್ಗಿಸಿ ನಿಂತದ್ದೂ ಒಂದಿರಲಿ. ಮಲಗಿಸಿ ತೆಗೆದರೆ ಕೀಲಿನ ಸಂದು ಕಿರಿದಾಗಿದ್ದೂ ಸರಿಯಾಗಿ ಕಾಣುವುದಿಲ್ಲ. ಬೆರಳಿಟ್ಟು ಒತ್ತಿದಾಗ ನೋಯುವ ಜಾಗವೂ ಚಿತ್ರದಲ್ಲಿನ ದೋಷದ ಜಾಗವೂ ಒಂದೇ ಆಗುತ್ತದೆಯೇ ನೋಡಿಸಿ. ಸೊಂಟದ ಕೀಲನ್ನೂ ತಿರುಗಿಸಿ ನೋಡಲಿ. ಅಲ್ಲಿನ ನೋವು ಮಂಡಿಯಲ್ಲಿ ಕಾಣಿಸಿಕೊಳ್ಳುವುದುಂಟು. ಬೇರೇನೂ ಸಿಗದಿದ್ದರೆ ಫಿಸಿಯೋಥೆರಪಿಸ್ಟರ ಕೈಕೆಳಗೆ 12 ವಾರ ತೊಡೆ ಸ್ನಾಯುವಿನ ವ್ಯಾಯಾಮ.

ಲೆಕ್ಕ ಬದಲಾಗುವ ಸಂದರ್ಭಗಳಿವೆ. ಮಂಡಿ ಸಿಕ್ಕಿಹಾಕಿಕೊಂಡು ಪೂರ್ತಿ ನೇರವಾಗದಿದ್ದರೆ, ತುಣುಕೊಂದು ಒಳಗೆ ಓಡಾಡುತ್ತಿದ್ದರೆ, ಎಸಿಎಲ್ ಹರಿದು ಕಾಲು ಜಾರುವಂತಾಗುತ್ತಿದ್ದರೆ ಆರ್ತ್ರೋಸ್ಕೋಪಿ ಸರಿ, ಏಕೆಂದರೆ ಅಲ್ಲಿ ರಿಪೇರಿಯೂ ಅದೇ ಕೈಯಲ್ಲಿ ಆಗುತ್ತದೆ. ಪೇಸ್‌ಮೇಕರಿನಿಂದಾಗಿ ಎಂಆರ್‌ಐ ಆಗದವರಿಗೂ ಮೊದಲು ಕೀಲಿಗೆ ಬಣ್ಣದ ಔಷಧಿ ಚುಚ್ಚಿ ತೆಗೆಯುವ ಸಿಟಿ ಸ್ಕ್ಯಾನ್ ಇದೆ. ಮಂಡಿ ಬಿಸಿಯಾಗಿ ಊದಿ ಜ್ವರವೂ ಬಂದರೆ ಎರಡಕ್ಕೂ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ ಕೀಲಿನ ನೀರು ತೆಗೆಸಿ ಪರೀಕ್ಷೆಗೆ ಕಳಿಸಿ.